ಆಪರೇಷನ್ ಆಯ್ತು, ಆದ್ರೂ ಕೂಸು ಹಾಲು ಕಕ್ತಾ ಇದೆಯಲ್ಲ ಸಿಸ್ಟರ್?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ, ಹೊಟ್ಟೆ ಆಪರೇಷನ್ ಆದ ಎಳೆಕೂಸು ವಾಂತಿ ಮಾಡ್ತಾ ಇದೆ ಅಂತ. ಹಾಗಾಗಿ ಮಂಡಿನೋವು, ಸಕ್ಕರೆ ಕಾಯಿಲೆ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಡ್ಕೊಳ್ಳಿ. ಹೊಸದಾಗಿ ಓದ್ತಿರೋರಿಗೆ ಒಂದು ಮಾತು, ನಾನು ಡಾಕ್ಟರ್ ಅಲ್ಲ, ಮಕ್ಕಳ ಸರ್ಜರಿ ವಾರ್ಡಿನಲ್ಲಿ ತುಂಬಾ ವರ್ಷ ಸ್ಟಾಫ್ ನರ್ಸ್ ಆಗಿದ್ದು ಈಗ ರಿಟೈರ್ ಆಗಿ ವಿರಾಜಪೇಟೆ ಪಕ್ಕದ ಊರಲ್ಲಿದ್ದೀನಿ. ನಿಮ್ಮ ಮಗುವಿನ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರ್ ಏನಾದ್ರೂ ಬೇರೆ ಹೇಳಿದ್ರೆ ಅವರ ಮಾತೇ ಕೇಳಿ.

ಮೊದಲು ಕುಶಾಲನಗರದಿಂದ ಬಂದ ಪತ್ರ. ಹುಟ್ಟಿದ ಐದನೇ ದಿನಕ್ಕೆ ಕರುಳು ತಿರುಚಿಕೊಂಡಿದೆ ಅಂತ ಆಪರೇಷನ್ ಆದ ಹೆಣ್ಣುಮಗು, ಈಗ ಎರಡು ತಿಂಗಳು, ನಿನ್ನೆಯಿಂದ ಹಸಿರು ಬಣ್ಣದ ವಾಂತಿ, ಏನು ಕೊಡಬೇಕು ಅಂತ ಬರೆದಿದ್ರು. ಈ ಪತ್ರಕ್ಕೆ ಅಚ್ಚಿನಲ್ಲಿ ಉತ್ತರ ಕೊಡೋವರೆಗೆ ಕಾಯೋ ಹಾಗೇ ಇರಲಿಲ್ಲ, ಕೆಳಗಿದ್ದ ನಂಬರಿಗೆ ಆಗಲೇ ಫೋನ್ ಮಾಡಿದೆ, ಅವರು ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿಯೂ ಆಗಿತ್ತು, ಪುಣ್ಯ. ಇಲ್ಲಿ ಬರೀತಿರೋದು ಉಳಿದವರಿಗೆ. ಎಳೆಕೂಸು ಹಸಿರು ವಾಂತಿ ಮಾಡಿದ್ರೆ, ಅಂದ್ರೆ ಪಾಲಕ್ ಸೊಪ್ಪು ಅರೆದ ಹಾಗೆ ಗಾಢ ಹಸಿರು, ಅದು ಪಿತ್ತ, ಕರುಳು ಎಲ್ಲೋ ಕೆಳಗಡೆ ಕಟ್ಟಿಕೊಂಡಿದೆ ಅನ್ನೋದರ ಗುರುತು ಇರಬಹುದು. ಆಪರೇಷನ್ ಆದ ಹೊಟ್ಟೆಯೊಳಗೆ ಗಾಯ ಮಾಯುವಾಗ ಕರುಳು ಒಂದಕ್ಕೊಂದು ಅಂಟಿಕೊಳ್ಳೋದುಂಟು, ತಿಂಗಳುಗಳಾದ ಮೇಲೂ ಆಗಬಹುದು. ಅದಕ್ಕೆ ಮನೇಲಿ ಕೊಡೋಕೆ ಔಷಧಿ ಇಲ್ಲ. ಹಾಲು ನಿಲ್ಲಿಸಿ, 108ಕ್ಕೆ ಫೋನ್ ಮಾಡಿ, ಹೊರಡಿ, ಬೆಳಗಾಗಲಿ ಮಳೆ ನಿಲ್ಲಲಿ ಅಂತ ಕಾಯಬೇಡಿ. ಇವತ್ತಿನ ಅಂಕಣದಲ್ಲಿ ಹಾಲು ನಿಲ್ಲಿಸಿ ಅಂತ ನಾನು ಹೇಳೋದು ಇದೊಂದೇ ಕಡೆ, ಅದನ್ನ ನೆನಪಿಟ್ಕೊಂಡು ಮುಂದಿನದು ಓದಿ.

ಪ್ರಶ್ನೆ: ಸಿಸ್ಟರ್ ನಮಸ್ತೆ, ನಮ್ದು ಶಾಂತಳ್ಳಿ ಕಡೆ. ಮೊದಲನೇ ಮಗು, ಗಂಡು, ಹುಟ್ಟಿದಾಗ 3 ಕೆ.ಜಿ. ಇದ್ದ. ಮೂರು ವಾರ ಚೆನ್ನಾಗಿದ್ದ, ಆಮೇಲೆ ಹಾಲು ಕುಡಿದು ಸ್ವಲ್ಪ ಹೊತ್ತಿಗೆ ವಾಂತಿ, ಅದೂ ಬಾಯಿಂದ ಇಳಿಯೋದಲ್ಲ ಪಿಚಕಾರಿ ಹೊಡೆದ ಹಾಗೆ ದೂರ ಹೋಗಿ ಬೀಳ್ತಿತ್ತು. ವಾಂತಿ ಆದ ತಕ್ಷಣ ಮತ್ತೆ ಹಸಿವು ಅಂತ ಅಳೋನು. ದೃಷ್ಟಿ ತೆಗೆದ್ವಿ, ಡ್ರಾಪ್ಸ್ ಹಾಕಿದ್ವಿ, ಐದು ವಾರ ಆದ್ರೂ 3 ಕೆ.ಜಿ. 100 ಗ್ರಾಂ ಮೇಲೆ ಹೋಗಲೇ ಇಲ್ಲ. ಕೊನೆಗೆ ದೊಡ್ಡ ಆಸ್ಪತ್ರೇಲಿ ಸ್ಕ್ಯಾನ್ ಮಾಡಿ ಜಠರದ ಬಾಯಿ ದಪ್ಪ ಆಗಿ ಮುಚ್ಚಿಕೊಂಡಿದೆ ಅಂತ ಹೇಳಿದ್ರು, ಎರಡು ದಿನ ಬರೀ ಡ್ರಿಪ್ಸ್ ಹಾಕಿ ಇಟ್ಕೊಂಡು ಆಮೇಲೆ ಆಪರೇಷನ್ ಮಾಡಿದ್ರು. ಇವತ್ತಿಗೆ ನಾಲ್ಕನೇ ದಿನ, ಮನೆಗೆ ಬಂದಿದ್ದೀವಿ. ಆದ್ರೆ ಇವತ್ತೂ ಮೂರು ಸಲ ವಾಂತಿ ಆಯ್ತು. ಬಟ್ಟೆ ಏಳೆಂಟು ಸಲ ಒದ್ದೆ ಮಾಡ್ತಾನೆ. ಅತ್ತೆ ನಿನ್ನ ಹಾಲೇ ಭಾರ, ಎರಡು ದಿನ ನಿಲ್ಲಿಸಿ ಸಕ್ಕರೆ ನೀರು ಕೊಡು ಅಂತಾರೆ. ಆಪರೇಷನ್ ಫೇಲ್ ಆಯ್ತಾ ಸಿಸ್ಟರ್? ರಾತ್ರಿಯೆಲ್ಲ ಎದೆ ಮೇಲೆ ಮಲಗಿಸ್ಕೊಂಡು ಕೂತಿರ್ತೀನಿ, ಭಯ ಆಗತ್ತೆ.

ಉತ್ತರ: ತಾಯಿ, ನಿಮಗೂ ಆವತ್ತೇ ಫೋನ್ ಮಾಡಿ ಅರ್ಧ ಮಾತಾಡಿದ್ದೆ, ಆಮೇಲೆ ನಿಮ್ಮಲ್ಲಿ ನೆಟ್‌ವರ್ಕ್ ಹೋಯ್ತು. ಉಳಿದರ್ಧ ಇಲ್ಲಿದೆ. ಆಪರೇಷನ್ ಫೇಲ್ ಆಗಿಲ್ಲ. ನಾಲ್ಕನೇ ದಿನ ಮೂರು ಸಲ ವಾಂತಿ, ಏಳೆಂಟು ಸಲ ಉಚ್ಚೆ, ಇದು ನಾನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿರೋ ಲೆಕ್ಕ, ಸರಿ ಹೋಗೋ ಲೆಕ್ಕ. ಹಾಲು ನಿಲ್ಲಿಸಬೇಡಿ. ಸಕ್ಕರೆ ನೀರು ಬೇಡವೇ ಬೇಡ.

ಯಾಕೆ ವಾಂತಿ ಇನ್ನೂ ಆಗ್ತಿದೆ ಅಂತ ಗೊತ್ತಾದ್ರೆ ಅರ್ಧ ಭಯ ಹೋಗತ್ತೆ. ಜಠರದಿಂದ ಸಣ್ಣ ಕರುಳಿಗೆ ಇಳಿಯೋ ಜಾಗದಲ್ಲಿ ಉಂಗುರದ ಹಾಗೆ ಒಂದು ಸ್ನಾಯು ಇದೆ, ಪೈಲೋರಸ್ ಅಂತಾರೆ. ಕೆಲವು ಕೂಸುಗಳಿಗೆ ಹುಟ್ಟಿದ ಮೂರರಿಂದ ಆರು ವಾರದೊಳಗೆ ಅದು ದಪ್ಪ ಆಗ್ತಾ ಹೋಗತ್ತೆ, ಸ್ಕ್ಯಾನಿನಲ್ಲಿ 3 ಮಿ.ಮೀ.ಗಿಂತ ದಪ್ಪ ಕಂಡ್ರೆ ಡಾಕ್ಟರಿಗೆ ಅನುಮಾನ ಗಟ್ಟಿ ಆಗತ್ತೆ. ಇದೇ ಪೈಲೋರಿಕ್ ಸ್ಟೆನೋಸಿಸ್. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ನಾಲ್ಕೈದು ಪಟ್ಟು ಜಾಸ್ತಿ, ಅದರಲ್ಲೂ ಚೊಚ್ಚಲು ಮಕ್ಕಳಲ್ಲಿ ಜಾಸ್ತಿ ಕಾಣತ್ತೆ. ನಿಮ್ಮ ಹಾಲು ಭಾರ ಆಗಿದ್ದಕ್ಕೆ, ನೀವು ಬಾಣಂತನದಲ್ಲಿ ಏನೋ ತಿಂದಿದ್ದಕ್ಕೆ ಬಂದಿದ್ದಲ್ಲ, ನಿಮ್ಮ ಅತ್ತೆಗೆ ಈ ಪುಟ ಓದಿ ಹೇಳಿ, ಬೇಜಾರಿನಿಂದಲ್ಲ, ಅವರೂ ಮೊಮ್ಮಗನ ಮೇಲಿನ ಆಸೆಗೇ ಹೇಳ್ತಿರೋದು.

ಆಪರೇಷನ್ನಿನಲ್ಲಿ ಆ ದಪ್ಪ ಸ್ನಾಯುವನ್ನ ಉದ್ದಕ್ಕೆ ಸೀಳಿ ಬಿಡಿಸ್ತಾರೆ, ಒಳಗಿನ ತೆಳು ಪೊರೆ ಮುಟ್ಟಲ್ಲ, ಸೀಳಿದ್ದನ್ನ ಮತ್ತೆ ಹೊಲಿಯೋದೂ ಇಲ್ಲ, ಹಾಗೇ ಬಿಡ್ತಾರೆ. ಸ್ನಾಯು ತೆಗೆದು ಹಾಕಲ್ಲ, ಹಾಗಾಗಿ ಅದರ ದಪ್ಪ ಕರಗೋಕೆ ವಾರಗಳೇ ಬೇಕು. ಅದರ ಜೊತೆ ಕೈ ಆಡಿಸಿದ ಜಾಗ ನಾಲ್ಕು ದಿನ ಊದಿಕೊಂಡಿರತ್ತೆ. ಇನ್ನೊಂದು ಕಡೆ, ಎರಡು ವಾರ ಮುಚ್ಚಿದ ಬಾಗಿಲನ್ನ ನೂಕಿ ನೂಕಿ ಜಠರ ದೊಡ್ಡದಾಗಿ ಸುಸ್ತಾಗಿದೆ, ಒಳಗೋಡೆ ಕೆಂಪಗಾಗಿದೆ. ಈಗ ಬಾಗಿಲು ತೆಗೆದಿದೆ, ಆದ್ರೆ ಹಾಲನ್ನ ಮೇಲಕ್ಕೆ ಎಸೆಯೋದೇ ಅದಕ್ಕೆ ಅಭ್ಯಾಸ ಆಗಿಹೋಗಿದೆ, ಕೆಳಗಿಳಿಸೋದನ್ನ ಮತ್ತೆ ರೂಢಿ ಮಾಡ್ಕೋಬೇಕು. ಈ ಆಪರೇಷನ್ ಆದ ಮಕ್ಕಳಲ್ಲಿ ಅರ್ಧದಷ್ಟು, ಅದಕ್ಕಿಂತಲೂ ಜಾಸ್ತಿ ಮಕ್ಕಳು ಆಮೇಲೆ ಒಂದಲ್ಲ ಒಂದು ಸಲ ವಾಂತಿ ಮಾಡ್ತವೆ, ಹೆಚ್ಚಿನವರಿಗೆ ಎರಡು ದಿನಕ್ಕೆ ತಹಬಂದಿಗೆ ಬರತ್ತೆ, ಕೆಲವರಿಗೆ ವಾರ ಹಿಡಿಯತ್ತೆ. ಈ ವಿಧಾನ ಕಂಡುಹಿಡಿದ ಜರ್ಮನಿಯ ಸರ್ಜನ್ ಕೊನ್ರಾಡ್ ರಾಮ್‌ಸ್ಟೆಟ್ 1911ರಲ್ಲಿ ಮೊದಲ ಕೂಸಿಗೆ ಮಾಡಿದಾಗ ಆ ಕೂಸೂ ಆಪರೇಷನ್ ಆದ ಮೇಲೆ ಕೆಲವು ದಿನ ವಾಂತಿ ಮಾಡ್ತಲೇ ಇತ್ತಂತೆ, ಆಮೇಲೆ ಪೂರ್ತಿ ಗುಣ ಆಯ್ತು. ವಾರ್ಡಿನಲ್ಲಿ ಅಳ್ತಿದ್ದ ತಾಯಂದಿರಿಗೆ ನಾನು ಈ ಕಥೆ ಹೇಳ್ತಿದ್ದೆ, ಅವರು ಕಣ್ಣು ಒರೆಸಿಕೊಂಡು ಕೇಳೋರು.

ಎರಡು ದಿನ ಬರೀ ಡ್ರಿಪ್ಸ್ ಹಾಕಿ ಇಟ್ಕೊಂಡ್ರು ಅಂತ ಬರೆದಿದ್ದೀರಲ್ಲ, ಅದು ಉದಾಸೀನ ಅಲ್ಲ. ದಿನಾ ವಾಂತಿ ಆದ್ರೆ ಹೊಟ್ಟೆಯ ಆಸಿಡ್ ಹೋಗತ್ತೆ, ಅದರ ಜೊತೆ ಕ್ಲೋರೈಡು, ಪೊಟ್ಯಾಸಿಯಮ್ಮು ಇಳಿದು ರಕ್ತ ಕ್ಷಾರ ಆಗತ್ತೆ, ಹಾಗಿರುವಾಗ ಅನಸ್ತೇಷಿಯಾ ಕೊಟ್ರೆ ಕೂಸಿನ ಉಸಿರಾಟವೇ ನಿಲ್ಲೋ ಅಪಾಯ ಇದೆ. ರಕ್ತ ಸರಿ ಮಾಡ್ಕೊಂಡೇ ಟೇಬಲ್ ಮೇಲೆ ಮಲಗಿಸೋದು. ನಿಮ್ಮ ಆಸ್ಪತ್ರೆಯವರು ಸರಿಯಾಗಿಯೇ ಮಾಡಿದ್ದಾರೆ.

ಈಗ ಹಾಲಿನ ವಿಷಯಕ್ಕೆ ಬರ್ತೀನಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಕೂಸಿಗೆ ಆಪರೇಷನ್ ಆದ್ರೆ ಒಂದು ದಿನ ಪೂರ್ತಿ ಏನೂ ಇಲ್ಲ, ಆಮೇಲೆ ಗ್ಲೂಕೋಸ್ ನೀರು ಚೂರು ಚೂರು, ಆಮೇಲೆ ಅರ್ಧ ಹಾಲು ಅರ್ಧ ನೀರು, ಹೀಗೆ ಮೆಟ್ಟಿಲು ಮೆಟ್ಟಿಲು ಚಾರ್ಟ್ ಗೋಡೇಲಿ ಅಂಟಿಸಿರ್ತಿದ್ವಿ, ಒಂದು ಸಲ ವಾಂತಿ ಆಯ್ತು ಅಂದ್ರೆ ಮತ್ತೆ ಕೆಳಗಿನ ಮೆಟ್ಟಿಲಿಗೆ. ಆ ಕೂಸುಗಳು ಹಸಿವಿಗೆ ಮುಷ್ಟಿ ಚೀಪಿ ಚೀಪಿ ಅಳೋವು, ಅದು ಈಗಲೂ ನನ್ನ ಕಿವಿಯಲ್ಲಿದೆ. ಈಗ ಹಾಗೆ ಮಾಡಲ್ಲ. ಆಪರೇಷನ್ ಆಗಿ ಕೆಲವೇ ಗಂಟೆಗೆ ಹಾಲು ಶುರು ಮಾಡ್ತಾರೆ, ಬಹಳ ಕಡೆ ಕೂಸು ಕೇಳಿದಷ್ಟು ಕೊಡಿ ಅಂತಾರೆ, ವಾಂತಿ ಒಂದೆರಡು ಜಾಸ್ತಿ ಆಗಬಹುದು ಆದ್ರೆ ಕೂಸು ಬೇಗ ಚೇತರಿಸಿಕೊಂಡು ಬೇಗ ಮನೆಗೆ ಹೋಗತ್ತೆ. ಅಂದ್ರೆ ನಿಮ್ಮ ಅತ್ತೆ ಹೇಳ್ತಿರೋದು ಒಂದು ಕಾಲದಲ್ಲಿ ಆಸ್ಪತ್ರೆಯವರೇ ಮಾಡ್ತಿದ್ದ ಕೆಲಸ, ಈಗ ಅದು ಬೇಕಿಲ್ಲ ಅಂತ ಗೊತ್ತಾಗಿದೆ. ಸಕ್ಕರೆ ನೀರಿನಲ್ಲಿ ತೂಕ ಏರಿಸೋ ಶಕ್ತಿಯೂ ಇಲ್ಲ, ಇಷ್ಟು ಎಳೆ ಮಗುವಿಗೆ ಬರೀ ನೀರು ಜಾಸ್ತಿ ಹೋದ್ರೆ ರಕ್ತದ ಉಪ್ಪು ಇಳಿದು ಫಿಟ್ಸ್ ಕೂಡ ಬರಬಹುದು.

ವಾಂತಿ ಕಡಿಮೆ ಮಾಡೋ ದಾರಿ ಒಂದೇ ಸಲಕ್ಕೆ ಕೊಡೋದನ್ನ ಕಡಿಮೆ ಮಾಡಿ ಸಲ ಜಾಸ್ತಿ ಮಾಡೋದು. ಸಾಧಾರಣವಾಗಿ ಈ ವಯಸ್ಸಿಗೆ ದಿನಕ್ಕೆ ಕೆ.ಜಿ.ಗೆ 150 ಮಿಲಿ ಹಾಲು ಬೇಕು ಅಂತ ಲೆಕ್ಕ, ನಿಮ್ಮ ಮಗ 3 ಕೆ.ಜಿ. 100 ಗ್ರಾಂ ಅಂದ್ರೆ 465 ಮಿಲಿ, ಹತ್ತು ಸಲಕ್ಕೆ ಹಂಚಿದ್ರೆ ಸಲಕ್ಕೆ 45, 50 ಮಿಲಿ ಅಷ್ಟೇ. ಎದೆಹಾಲಿಗೆ ಅಳತೆ ಇಲ್ಲ, ಅದಕ್ಕೆ ಹೀಗೆ ಮಾಡಿ, ಎರಡು ಎರಡೂವರೆ ಗಂಟೆಗೊಮ್ಮೆ ಒಂದೇ ಕಡೆ ಕುಡಿಸಿ, ಇನ್ನೊಂದು ಕಡೆ ಮುಂದಿನ ಸಲಕ್ಕೆ. ತುಂಬಾ ಹಸಿದು ಚೀರಾಡೋವರೆಗೆ ಬಿಡಬೇಡಿ, ಚೀರಿದ ಕೂಸು ಗಾಳಿಯನ್ನೂ ನುಂಗತ್ತೆ, ಗಬಗಬ ಕುಡಿದು ಎಲ್ಲಾ ಒಟ್ಟಿಗೆ ಹೊರಗೆ ಹಾಕತ್ತೆ. ನಿಮಗೆ ಹಾಲು ಜೋರಾಗಿ ಚಿಮ್ಮತ್ತೆ ಅನ್ಸಿದ್ರೆ ಮೊದಲ ರಭಸ ಒಂದು ಶುಭ್ರವಾದ ಲೋಟಕ್ಕೆ ಹಿಂಡಿಕೊಂಡು ಆಮೇಲೆ ಬಾಯಿಗೆ ಕೊಡಿ, ಹಿಂಡಿದ ಹಾಲು ಮನೆಯೊಳಗೆ ನಾಲ್ಕು ಗಂಟೆ ಕೆಡಲ್ಲ, ಒಳಲೆಯಲ್ಲಿ ನಿಧಾನಕ್ಕೆ ಹಾಕಬಹುದು.

ಕುಡಿಯೋದರ ಮಧ್ಯೆ ಒಂದು ಸಲ, ಮುಗಿದ ಮೇಲೆ ಒಂದು ಸಲ ತೇಗು ಬರಿಸಿ. ಹೊಟ್ಟೆ ಮೇಲೆ ಹೊಲಿಗೆ ಇದೆ ಅಂತ ಎಷ್ಟೋ ತಾಯಂದಿರು ಹೆಗಲ ಮೇಲೆ ಹಾಕ್ಕೊಳ್ಳೋಕೇ ಹೆದರ್ತಾರೆ, ಹೆದರಬೇಡಿ, ಹೆಗಲಿಗೆ ಒತ್ತದೆ ತೊಡೆ ಮೇಲೆ ಕೂರಿಸಿ ಒಂದು ಕೈಯಲ್ಲಿ ಗಲ್ಲ ಎದೆ ಹಿಡಿದು ಇನ್ನೊಂದು ಕೈಯಲ್ಲಿ ಬೆನ್ನು ಸವರಿದ್ರೆ ಸಾಕು. ಆಮೇಲೆ 20, 30 ನಿಮಿಷ ನೆಟ್ಟಗೆ ಎತ್ಕೊಂಡಿರಿ. ಬಟ್ಟೆ ಬದಲಾಯಿಸೋದು ಹಾಲಿಗೆ ಮೊದಲು ಮಾಡಿ, ಕುಡಿದ ಮೇಲೆ ಕಾಲು ಎತ್ತಿ ಮಡಚಿದ್ರೆ ಹೊಟ್ಟೆ ಒತ್ತಿ ಅಲ್ಲೇ ಕಕ್ಕತ್ತೆ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತೋದು ಬೇಡ, ಕುಡಿದ ಕೂಡ್ಲೆ ಜೋಲಿಯಲ್ಲಿ ಹಾಕಿ ತೂಗೋದೂ ಬೇಡ.

ರಾತ್ರಿಯೆಲ್ಲ ಎದೆ ಮೇಲೆ ಮಲಗಿಸ್ಕೊಂಡು ಕೂರ್ತೀನಿ ಅಂದಿರಿ, ಅದು ನನಗೆ ವಾಂತಿಗಿಂತ ಜಾಸ್ತಿ ಚಿಂತೆ. ನಿದ್ದೆಗೆಟ್ಟ ತಾಯಿಗೆ ಕಣ್ಣು ಹತ್ತತ್ತೆ, ಕೂಸು ಜಾರಿ ರಗ್ಗಿನೊಳಗೆ ಮೂಗು ಮುಚ್ಚಿಕೊಂಡು ಹೋಗಬಹುದು. ಅರ್ಧ ಗಂಟೆ ಎತ್ಕೊಂಡ ಮೇಲೆ ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ದಿಂಬು ಬೇಡ. ಅಂಗಾತ ಮಲಗಿದ್ರೆ ವಾಂತಿ ಗಂಟಲಿಗೆ ಸಿಕ್ಕಿಕೊಳ್ಳತ್ತೆ ಅನ್ನೋದು ಎಲ್ಲರ ಭಯ, ಆದ್ರೆ ಆರೋಗ್ಯವಾಗಿರೋ ಕೂಸು ಕೆಮ್ಮಿ ನುಂಗಿ ತನ್ನನ್ನ ಕಾಪಾಡಿಕೊಳ್ಳತ್ತೆ, ಬೋರಲು ಮಲಗಿಸೋದೇ ಅಪಾಯ. ಒಂದು ಹೊತ್ತು ಅತ್ತೆ ಎತ್ಕೊಂಡಿರಲಿ, ನೀವು ಮಲಗಿ. ಅವರಿಗೂ ಮೊಮ್ಮಗನಿಗೆ ಏನೋ ಮಾಡಿದ ಸಮಾಧಾನ.

ವಾಂತಿ ಆಗಿಯೇ ಹೋಯ್ತು ಅನ್ನಿ. ಬಾಯಿ ಒರೆಸಿ, 15, 20 ನಿಮಿಷ ಬಿಟ್ಟು ಹಸಿವಿದ್ರೆ ಸ್ವಲ್ಪ ಕೊಡಿ, ಪೂರ್ತಿ ಸಲದ್ದನ್ನ ಮತ್ತೆ ತುಂಬಬೇಡಿ. ಹಾಗೇ ಇನ್ನೊಂದು ಕೆಲಸ ಹೇಳ್ತೀನಿ, ಎರಡು ಟೀ ಚಮಚ ಹಾಲನ್ನ ಒಂದು ಟವಲ್ ಮೇಲೆ ಸುರಿದು ನೋಡಿ. ಎಷ್ಟು ದೊಡ್ಡ ಕಲೆ ಆಗತ್ತೆ! ಅದು ಬರೀ 10 ಮಿಲಿ. ಕುಡಿದಿದ್ದೆಲ್ಲ ಕಕ್ಕಿಬಿಟ್ಟ ಅಂತ ಅಳೋ ತಾಯಂದಿರಿಗೆ ವಾರ್ಡಿನಲ್ಲಿ ಇದನ್ನ ಮಾಡಿ ತೋರಿಸ್ತಿದ್ದೆ, ಮಾತಿಗಿಂತ ಆ ಟವಲ್ಲೇ ಜಾಸ್ತಿ ಧೈರ್ಯ ಕೊಡ್ತಿತ್ತು.

ಕಕ್ಕಿದ್ದನ್ನ ಲೆಕ್ಕ ಹಾಕೋ ಬದಲು ಉಚ್ಚೆ ಲೆಕ್ಕ ಹಾಕಿ. 24 ಗಂಟೆಗೆ ಆರು ಸಲವೋ ಜಾಸ್ತಿಯೋ ಚೆನ್ನಾಗಿ ಒದ್ದೆ ಆಗ್ತಿದ್ರೆ ಹಾಲು ಕೆಳಗಿಳೀತಿದೆ ಅಂತಾನೇ ಅರ್ಥ. ನಿಮ್ಮೂರ ಮಳೇಲಿ ಬಟ್ಟೆ ಒಣಗಲ್ಲ ಅಂತ ಡೈಪರ್ ಹಾಕಿರ್ತೀರಿ, ಅದು ಒದ್ದೆಯನ್ನ ಒಳಗೇ ಹೀರಿ ಮರೆಮಾಚತ್ತೆ, ಹಾಗಿದ್ರೆ ಒಣ ಡೈಪರ್ ಒಂದು ಕೈಯಲ್ಲಿ ತೆಗೆದದ್ದು ಒಂದು ಕೈಯಲ್ಲಿ ಹಿಡಿದು ಭಾರ ನೋಡಿ. ಬಟ್ಟೆಯನ್ನ ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸ್ತೀರಾದ್ರೆ ಅದನ್ನ ಕೂಸಿರೋ ಕೋಣೆಯಿಂದ ಆಚೆ ಮಾಡಿ, ಹೊಗೆಗೆ ಕೆಮ್ಮು ಬರತ್ತೆ, ಕೆಮ್ಮಿದ್ರೆ ಕಕ್ಕತ್ತೆ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ಹಾಕಿಸಿ, ಆಶಾ ಅಕ್ಕನ ಹತ್ತಿರವೋ ಅಂಗನವಾಡಿಯಲ್ಲೋ ಆಗತ್ತೆ, ದಿನಕ್ಕೆ 20ರಿಂದ 30 ಗ್ರಾಂ ಲೆಕ್ಕದಲ್ಲಿ ಏರಬೇಕು. ಬಾಣಂತಿ ಮನೆಯ ಬಿಸಿನೀರು ಎಣ್ಣೆ ಸ್ನಾನ ಡಾಕ್ಟರ್ ಹೊಲಿಗೆ ನೋಡಿ ಸರಿ ಅನ್ನೋವರೆಗೆ ಬೇಡ, ಒದ್ದೆ ಬಟ್ಟೇಲಿ ಒರೆಸಿ, ಹೊಟ್ಟೆ ಮೇಲೆ ಎಣ್ಣೆ ಹಾಕಿ ತಿಕ್ಕಬೇಡಿ.

ನೋವಿಗೆ ಬರೆದುಕೊಟ್ಟ ಪ್ಯಾರಾಸಿಟಮಾಲ್ ಇದ್ದರೆ ಅಳತೆಯಲ್ಲಿ ತುಂಬಾ ಹುಷಾರು. ಡ್ರಾಪ್ಸ್‌ನಲ್ಲಿ 1 ಮಿಲಿಗೇ 100 ಮಿ.ಗ್ರಾಂ ಇರತ್ತೆ, ಸಿರಪ್ ಆದ್ರೆ 5 ಮಿಲಿಗೆ 120, 125, ಇಲ್ಲ 250. ಮೆಡಿಕಲ್ ಶಾಪಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ರೆ ಅದೇ ಮಿಲಿ ಹಾಕಬೇಡಿ, ಬಾಟಲಿ ತೋರಿಸಿ ಕೇಳಿ. ವಾಂತಿ ನಿಲ್ಲೋ ಡ್ರಾಪ್ಸ್ ಅಂತ ಹಳೇ ಚೀಟಿ ಹಿಡಿದು ತರಬೇಡಿ, ಅದು ಊದಿದ ಜಾಗವನ್ನ ಇಳಿಸಲ್ಲ, ಅಂಥ ಕೆಲವು ಔಷಧಿ ಎಳೆಮಕ್ಕಳ ಹೃದಯದ ಬಡಿತ ಏರುಪೇರು ಮಾಡತ್ತೆ.

ಇಷ್ಟೆಲ್ಲ ಧೈರ್ಯ ಹೇಳಿದ ಮೇಲೆ ಯಾವಾಗ ಓಡಬೇಕು ಅನ್ನೋದೂ ಹೇಳಲೇಬೇಕು. ಆರೆಂಟು ಗಂಟೆ ಉಚ್ಚೆ ಇಲ್ಲ, ನೆತ್ತಿ ಕುಳಿ ಬಿದ್ದಿದೆ, ಎಬ್ಬಿಸಿದ್ರೂ ಹಾಲಿಗೆ ಬಾಯಿ ತೆಗೆಯಲ್ಲ, ಜ್ವರ 100.4 ದಾಟಿದೆ, ಹೊಟ್ಟೆ ಉಬ್ಬಿ ಗಟ್ಟಿಯಾಗಿದೆ, ವಾಂತೀಲಿ ರಕ್ತ ಇಲ್ಲವೇ ಹಸಿರು, ಹೊಲಿಗೆ ಕೆಂಪಾಗಿ ಸೋರ್ತಿದೆ, ಇದರಲ್ಲಿ ಯಾವುದೇ ಒಂದು ಕಂಡ್ರೂ ಆ ಹೊತ್ತಿಗೇ ಹೊರಡಿ. ಆಪರೇಷನ್ ಆಗಿ ಮೊದಲ ಎರಡು ಮೂರು ದಿನದಲ್ಲಿ ಜ್ವರ, ಉಬ್ಬಿದ ಹೊಟ್ಟೆ ಕಂಡ್ರೆ ಒಳಪೊರೆ ತೂತಾಗಿ ಸೋರ್ತಿದೆಯಾ ಅಂತ ನೋಡಲೇಬೇಕಾಗತ್ತೆ. ಇನ್ನೊಂದು, ಒಂದು ವಾರ ದಾಟಿದ ಮೇಲೂ ಪ್ರತಿ ಸಲ ಹಳೇ ಪಿಚಕಾರಿ ವಾಂತಿಯೇ ಆಗ್ತಾ ತೂಕ ನಿಂತುಹೋದ್ರೆ ಸ್ನಾಯು ಪೂರ್ತಿ ಸೀಳಿಲ್ಲದೆ ಇರಬಹುದು, ಅಪರೂಪ, ಆದ್ರೆ ಆಗತ್ತೆ. ಆವಾಗ ಊರಲ್ಲೇ ಒಂದು ಸ್ಕ್ಯಾನ್ ಮಾಡಿಸಿ ಸ್ನಾಯು ಇನ್ನೂ ದಪ್ಪ ಇದೆ ಅಂತ ಗಾಬರಿ ಆಗಬೇಡಿ, ದಪ್ಪ ಹೇಗೂ ವಾರಗಟ್ಟಲೆ ಇರತ್ತೆ ಅಂದೆನಲ್ಲ. ಆಪರೇಷನ್ ಮಾಡಿದ ಸರ್ಜನ್ ಹತ್ತಿರವೇ ಹೋಗಿ, ಅವರು ಎಕ್ಸ್‌ರೇಯಲ್ಲಿ ಕಾಣೋ ಔಷಧಿ ಕುಡಿಸಿ ಅದು ಕೆಳಗೆ ಇಳಿಯತ್ತಾ ಅಂತ ನೋಡ್ತಾರೆ. ಡಿಸ್ಚಾರ್ಜ್ ಸಮರಿಯ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲೂ ಇರಲಿ. ಮಳೆಗಾಲದಲ್ಲಿ ದಾರಿ ಕೆಟ್ಟಿದ್ರೆ ಮೊದಲು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ ಡ್ರಿಪ್ಸ್ ಹಾಕಿಸಿಕೊಂಡು ಅಲ್ಲಿಂದ ಮುಂದೆ ಹೋಗಬಹುದು. 2018ರ ಆಗಸ್ಟಿನಲ್ಲಿ ಸಂಪಾಜೆ ಕಡೆ ಗುಡ್ಡ ಕುಸಿದು ಮಂಗಳೂರು ದಾರಿಯೇ ಬಂದ್ ಆಗಿದ್ದು ನಾವ್ಯಾರೂ ಮರೆತಿಲ್ಲ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಕೂಸು ಮನೇಲಿದ್ರೆ ಎರಡನೇ ದಾರಿ ಯಾವುದು, ರಾತ್ರಿ ಬರೋ ಜೀಪು ಯಾರದ್ದು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ.

ಪ್ರಶ್ನೆ: ನಾಪೋಕ್ಲು ಕಡೆಯ ಅಜ್ಜಿ ಒಬ್ಬರು. ಮೊಮ್ಮಗನಿಗೂ ಇದೇ ಆಪರೇಷನ್ ಆಗಿ ಎರಡು ವಾರ ಆಯ್ತು, ಆಗೊಮ್ಮೆ ಈಗೊಮ್ಮೆ ಕಕ್ತಾನೆ. ನಮ್ಮ ಕಾಲದಲ್ಲಿ ಬಜೆ, ಜಾಯಿಕಾಯಿ ತೇಯ್ದು ಜೇನಲ್ಲಿ ನೆಕ್ಕಿಸ್ತಿದ್ವಿ, ನಮ್ಮ ತೋಟದ ಜೇನೇ ಇದೆ, ಅಂಗಡೀದಲ್ಲ, ಕೊಡಬಹುದಾ ಮಗಳೇ, ಗ್ರೈಪ್ ವಾಟರ್ ಆದ್ರೂ?

ಉತ್ತರ: ಅಜ್ಜಿ, ನಿಮ್ಮ ಜೇನು ಎಷ್ಟು ಶುದ್ಧ ಅಂತ ನನಗೆ ಗೊತ್ತು, ಕೊಡಗಿನ ಜೇನಿಗೆ ಹೆಸರೇ ಇದೆ. ಆದ್ರೆ ಇಲ್ಲಿ ಕಲಬೆರಕೆ ಪ್ರಶ್ನೆ ಅಲ್ಲ. ಹೂವು ಮಣ್ಣಿನಿಂದ ಬಂದ ಒಂದು ಜಾತಿ ಬ್ಯಾಕ್ಟೀರಿಯಾದ ಬೀಜಾಣು ಅಪ್ಪಟ ಜೇನಿನಲ್ಲೂ ಇರಬಹುದು, ನಮ್ಮ ನಿಮ್ಮ ಹೊಟ್ಟೆಗೆ ಅದು ಏನೂ ಮಾಡಲ್ಲ, ಒಂದು ವರ್ಷ ತುಂಬದ ಕೂಸಿನ ಕರುಳಲ್ಲಿ ಮೊಳೆತು ವಿಷ ಮಾಡಿ ಮೈಯೆಲ್ಲ ಸೋತು ಉಸಿರಿಗೇ ಕಷ್ಟ ಆಗಬಹುದು, ಅದಕ್ಕೆ ಬೊಟುಲಿಸಂ ಅಂತಾರೆ. ಹಾಗಾಗಿ ಆ ಜೇನನ್ನ ಅವನ ಮೊದಲ ಹುಟ್ಟುಹಬ್ಬಕ್ಕೆ ಎತ್ತಿಡಿ, ಅಲ್ಲೀವರೆಗೆ ಸೊಸೆ ಕುಡಿಯಲಿ, ಅವಳು ಕುಡಿದ್ರೆ ಕೂಸಿಗೆ ತೊಂದ್ರೆ ಇಲ್ಲ. ಬಜೆ ಜಾಯಿಕಾಯಿ ಎರಡೂ ಬೇಡ, ಅದರಿಂದ ಮಂಪರು ಬಂದ್ರೆ ಕೂಸು ಸುಸ್ತಾಗಿದೆಯೋ ಸುಮ್ನೆ ಮಲಗಿದೆಯೋ ನಮಗೇ ಗೊತ್ತಾಗಲ್ಲ, ತೇಯೋ ಕಲ್ಲಿನಿಂದ ಸೋಂಕೂ ಹೋಗಬಹುದು. ಗ್ರೈಪ್ ವಾಟರಿನಿಂದ ಲಾಭ ಏನೂ ಇಲ್ಲ, ಅದು ಹಿಡಿಯೋ ಜಾಗದಲ್ಲಿ ಎರಡು ಗುಟುಕು ಹಾಲು ಹೋಗಲಿ. ದೃಷ್ಟಿ ತೆಗೀರಿ, ಅದಕ್ಕೆ ನನ್ನ ಅಡ್ಡಿಯಿಲ್ಲ, ಮೆಣಸಿನ ಘಾಟು ಕೂಸಿನ ಮೂಗಿಗೆ ಹೋಗದ ಹಾಗೆ ಅಂಗಳದಲ್ಲಿ ಸುಡಿ.

ಪ್ರಶ್ನೆ: ಗೋಣಿಕೊಪ್ಪದ ಒಬ್ಬ ತಂದೆ. ಮೈಸೂರಿಗೆ ಚೆಕಪ್‌ಗೆ ಹೋಗಬೇಕು, ಕಾರಿನಲ್ಲಿ ಕಕ್ತಾನೆ ಅಂತ ಹೆಂಡತಿ ಹೆದರ್ತಾಳೆ, ಡಬ್ಬಿ ಹಾಲು ಕೊಡ್ತಿದ್ದೀವಿ. ಮತ್ತೆ ಎರಡನೇ ಮಗುವಿಗೂ ಇದು ಬರತ್ತಾ?

ಉತ್ತರ: ಹೊರಡೋಕೆ ಮುಕ್ಕಾಲು ಗಂಟೆ ಮುಂಚೆ ಕುಡಿಸಿ, ಅರ್ಧ ಗಂಟೆ ನೆಟ್ಟಗೆ ಹಿಡಿದು ಆಮೇಲೆ ಗಾಡಿ ಹತ್ತಿ. ಓಡೋ ಗಾಡೀಲಿ ಬಾಟಲಿ ಬಾಯಿಗಿಡಬೇಡಿ. ಮಧ್ಯದಲ್ಲಿ ಹಸಿವಾಗತ್ತೆ ಅನ್ಸಿದ್ರೆ ತಿತಿಮತಿಯಲ್ಲೇ ನಿಲ್ಲಿಸಿ ಕೊಟ್ಟುಬಿಡಿ, ಮುಂದೆ ಆನೆಚೌಕೂರು ಕಾಡಿನೊಳಗೆ ನಿಲ್ಲಿಸೋ ಹಾಗಿಲ್ಲ. ಬಿಸಿನೀರು ಫ್ಲಾಸ್ಕಿನಲ್ಲಿ, ಪುಡಿ ಬೇರೆ ಒಣ ಡಬ್ಬೀಲಿ ಇಟ್ಕೊಂಡು ಆಗಲೇ ಕಲಸಿ ಆರಿಸಿ ಕೊಡಿ, ಕೂಸು ಬಾಯಿ ಹಾಕಿದ ಬಾಟಲಿಯಲ್ಲಿ ಉಳಿದದ್ದು ಒಂದು ಗಂಟೆ ಮೇಲೆ ಚೆಲ್ಲಿ. ಡಬ್ಬಿ ಮೇಲೆ ಬರೆದಷ್ಟೇ ಪುಡಿ, ಅಷ್ಟೇ ನೀರು. ವಾಂತಿ ಆಗ್ತಿದೆ ಅಂತ ತೆಳ್ಳಗೆ ಮಾಡೋದು, ಹೊಟ್ಟೇಲಿ ನಿಲ್ಲಲಿ ಅಂತ ಅಕ್ಕಿ ಹಿಟ್ಟು ಸೇರಿಸಿ ಗಟ್ಟಿ ಮಾಡೋದು ಎರಡೂ ತಪ್ಪು. ನಿಪ್ಪಲ್ ತೂತು ದೊಡ್ಡದಿದ್ರೆ ಬದಲಾಯಿಸಿ, ಬಾಟಲಿ ಕವುಚಿದಾಗ ಹಾಲು ಹನಿ ಹನಿ ಬೀಳಬೇಕು, ಧಾರೆ ಬೀಳಬಾರದು.

ಎರಡನೇ ಮಗುವಿನ ಮಾತು. ಮನೆಯಲ್ಲಿ ಒಬ್ಬರಿಗೆ ಬಂದಿದ್ರೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಸಾಧ್ಯತೆ ಇದೆ ನಿಜ, ತಾಯಿಗೇ ಎಳೆತನದಲ್ಲಿ ಆಗಿದ್ರೆ ಗಂಡುಮಗುವಿಗೆ ಬರೋ ಸಾಧ್ಯತೆ 100ಕ್ಕೆ 20ರ ಹತ್ತಿರ ಹೋಗತ್ತೆ, ಅದಕ್ಕೇ ನಿಮ್ಮ ಅಮ್ಮನನ್ನ ಅತ್ತೆಯನ್ನ ಒಂದು ಸಲ ಕೇಳಿ, ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಹೊಟ್ಟೆ ಮೇಲೆ ಹಳೇ ಗಾಯದ ಗುರುತು ಇದೆಯಾ ನೋಡಿ. ಹೆಚ್ಚಿನ ಮನೆಗಳಲ್ಲಿ ಎರಡನೇ ಮಗು ಚೆನ್ನಾಗೇ ಇರತ್ತೆ. ನೀವು ಮಾಡಬೇಕಾದ್ದು ಇಷ್ಟೇ, ಮೂರನೇ ವಾರದಿಂದ ಪಿಚಕಾರಿ ವಾಂತಿ ಶುರುವಾದ್ರೆ ಈ ಸಲ ಎರಡು ವಾರ ಕಳೆಯದೆ ಎರಡೇ ದಿನಕ್ಕೆ ಸ್ಕ್ಯಾನ್ ಮಾಡಿಸೋದು, ಮತ್ತೆ ಹುಟ್ಟಿದ ಮೊದಲ ಎರಡು ವಾರದಲ್ಲಿ ಯಾರಾದ್ರೂ ಎರಿಥ್ರೋಮೈಸಿನ್ ಬರೆದ್ರೆ ದೊಡ್ಡ ಮಗನ ವಿಷಯ ಹೇಳೋದು, ಆ ಔಷಧಿಗೂ ಇದಕ್ಕೂ ನಂಟಿದೆ. ಈಗ ಆಪರೇಷನ್ ಆದವನಿಗೇ ಮತ್ತೆ ಮುಚ್ಚಿಕೊಳ್ಳತ್ತಾ ಅಂದ್ರೆ, ಅದು ಬಹಳ ಬಹಳ ಅಪರೂಪ.

ಪ್ರಶ್ನೆ: ಸಿದ್ದಾಪುರ ಹತ್ತಿರದ ತೋಟದ ಲೈನ್ ಮನೆಯಿಂದ, ಪಕ್ಕದ ಮನೆ ಹುಡುಗಿ ಕೈಲಿ ಬರೆಸಿದ್ದು. ಮಗನಿಗೆ ಮೂರೂವರೆ ತಿಂಗಳು, ಆಪರೇಷನ್ ಆಗಿ ಎರಡು ತಿಂಗಳು ಆಯ್ತು. ಈಗಲೂ ಹಾಲು ಕುಡಿದ ಮೇಲೆ ಬಾಯಿ ಅಂಚಲ್ಲಿ ಸ್ವಲ್ಪ ಹಾಲು ಬರತ್ತೆ, ಮೊಸರಿನ ಹಾಗೆ. ನಗ್ತಾನೆ, ತೂಕ 5 ಕೆ.ಜಿ. ದಾಟಿದೆ. ಮತ್ತೆ ದುಡ್ಡು ಖರ್ಚು ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕಾ? ಆಪರೇಷನ್ ಗಲಾಟೇಲಿ ಒಂದೂವರೆ ತಿಂಗಳ ಚುಚ್ಚುಮದ್ದೂ ಹಾಕಿಸಿಲ್ಲ.

ಉತ್ತರ: ಅಮ್ಮ, ಹೋಗಬೇಕಿಲ್ಲ. ನಗೋ ಕೂಸು, ತೂಕ ಏರೋ ಕೂಸು ಅಂಚಲ್ಲಿ ಹಾಲು ಬಿಟ್ರೆ ಅದು ಎಲ್ಲ ಮಕ್ಕಳೂ ಮಾಡೋದೇ, ಆಪರೇಷನ್ ಆಗದವರೂ ಮಾಡ್ತವೆ. ಅನ್ನನಾಳದ ಕೆಳಗಿನ ಬಾಯಿ ಇನ್ನೂ ಸಡಿಲ ಇರತ್ತೆ, ನಾಲ್ಕನೇ ತಿಂಗಳ ಸುಮಾರಿಗೆ ಇದು ಜೋರಾಗಿ, ಕೂರೋಕೆ ಶುರು ಮಾಡಿದ ಮೇಲೆ ಇಳಿದು, ವರ್ಷ ತುಂಬೋ ಹೊತ್ತಿಗೆ ಹೆಚ್ಚಿನವರಿಗೆ ನಿಂತುಹೋಗತ್ತೆ. ಮೊಸರಿನ ಹಾಗೆ ಕಾಣೋದು ಹೊಟ್ಟೆಯಲ್ಲಿ ಹಾಲು ಒಡೆದದ್ದು, ಅದು ಆಗಬೇಕಾದ್ದೇ. ದುಡ್ಡಿನ ಮಾತು ಬರೆದಿದ್ದೀರಿ, ವರ್ಷ ತುಂಬದ ಮಗುವಿಗೆ ಕಾಯಿಲೆ ಬಂದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಟೆಸ್ಟು, ಹೋಗಿಬರೋ ಗಾಡಿ ಎಲ್ಲ ಉಚಿತವಾಗಿ ಸಿಗಬೇಕು, ಜನನಿ ಶಿಶು ಸುರಕ್ಷಾ ಅಂತ ಯೋಜನೆ, ಆಶಾ ಅಕ್ಕನ ಹತ್ತಿರ ಹೆಸರು ಹೇಳಿ ಕೇಳಿ.

ಚುಚ್ಚುಮದ್ದು ಮಾತ್ರ ಇನ್ನು ತಡ ಮಾಡಬೇಡಿ. ತಪ್ಪಿಹೋಯ್ತು ಅಂತ ಬಿಡೋದಲ್ಲ, ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಶುರು ಮಾಡ್ತಾರೆ. ಈ ಗುರುವಾರವೇ ತಾಯಿ ಕಾರ್ಡು, ಡಿಸ್ಚಾರ್ಜ್ ಕಾಗದ ಎರಡೂ ತಗೊಂಡು ಹೋಗಿ, ಹೊಟ್ಟೆ ಆಪರೇಷನ್ ಆಗಿದೆ ಅಂತ ಸಿಸ್ಟರಿಗೆ ಮೊದಲೇ ಹೇಳಿ, ಬಾಯಿಗೆ ಹಾಕೋ ರೋಟಾ ಹನಿಗೆ ಮುಂಚೆ ಅವರು ಡಾಕ್ಟರನ್ನ ಒಂದು ಮಾತು ಕೇಳಲಿ. ಚುಚ್ಚಿದ ರಾತ್ರಿ ಸ್ವಲ್ಪ ಜ್ವರ ಬರಬಹುದು, ಒಂದೆರಡು ಸಲ ಜಾಸ್ತಿ ಕಕ್ಕಬಹುದು, ಅದು ಹಳೇ ಕಾಯಿಲೆ ವಾಪಸ್ ಬಂದಿದ್ದಲ್ಲ. ಎರಡು ದಿನಕ್ಕಿಂತ ಜಾಸ್ತಿ ಆದ್ರೆ ತೋರಿಸಿ. ನೀವು ತೋಟಕ್ಕೆ ಹೋಗೋ ದಿನ ಬೆಳಗ್ಗೆ ಹಾಲು ಹಿಂಡಿಟ್ಟು ಹೋಗಿ, ಕೂಸು ನೋಡ್ಕೊಳ್ಳೋರು ಬಾಟಲಿ ಬದಲು ಒಳಲೆಯಲ್ಲಿ ಹಾಕಲಿ, ಕೂರಿಸಿಕೊಂಡು ಹಾಕಲಿ. ಆ ಪಕ್ಕದ ಮನೆ ಹುಡುಗಿ ಎಷ್ಟು ಚೆನ್ನಾಗಿ ಬರೆದಿದ್ದಾಳೆ, ಈ ಉತ್ತರವನ್ನೂ ಅವಳ ಕೈಲೇ ಓದಿಸಿ ಕೇಳಿ.